ಹಾರ್ಮೋನನ್ನು ಇಳಿಸಲು ಹೊರಟ ಕಂಡಕ್ಟರ್

ಧರ್ಣಪ್ಪ ತೀರಿಕೊಂಡ. ಹೋದ ಸೋಮವಾರ ಬೆಳಿಗ್ಗೆ, ಲಾಯಿಲದ ತನ್ನ ಮನೆಯ ಜಗಲಿಯಲ್ಲಿ, ಹೃದಯ ನಿಂತು. ಮೂಡುಬಿದಿರೆಯಿಂದ ಬೆಳ್ತಂಗಡಿ ದಾಟಿ ಚಾರ್ಮಾಡಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್; ನನ್ನ ಗೆಳೆಯ. ಅವನನ್ನು ನೆನೆದು ಅಳೋಣವೆಂದು ಕೂತರೆ ಆ ವಿಸಿಲ್ ಪ್ರಕರಣವೇ ಮುಂದೆ ಬಂದು ನಿಲ್ಲುತ್ತದೆ. ಏನು ಮಾಡಲಿ!

ಹಿಂದಿನ ಬಸ್ಸು ಒಂದು ನಿಮಿಷ ಮೊದಲು ಬಂದು ತನ್ನ ಜನರನ್ನು ಹತ್ತಿಸಿಕೊಂಡರೂ ಧರ್ಣಪ್ಪನಿಗೆ ಮಹಾಯುದ್ಧ. ಆ ಟೈಮಿಂಗ್ ಜಗಳ ಕ್ರಮೇಣ ಮನೆಗೂ ಬಂತು. ನಿದ್ರೆ ಹೋಯಿತು, ಊಟ ಸೇರಲಿಲ್ಲ, ಸಾರಿಗೆ ಉಪ್ಪು ಕಡಿಮೆಯಾದರೂ ಕಣ್ಣಲ್ಲಿ ನೀರು. ಹೆಂಡತಿ ಹರಿಣಾಕ್ಷಿ ಬಂಟ್ವಾಳದ ಡಾಕ್ಟರಲ್ಲಿಗೆ ಎಳೆದೊಯ್ದಳು.

“ಕಾರ್ಟಿಸಾಲ್ ಅಂತ ಒಂದು ಹಾರ್ಮೋನು ಉಂಟು,” ಎಂದರು ಡಾಕ್ಟರ್. “ಗಾಬರಿಯಾದಾಗ ಏರುತ್ತದೆ, ಆಮೇಲೆ ಇಳಿಯಬೇಕು. ನಿಮಗೆ ದಿನವಿಡೀ ಗಾಬರಿ, ಅದು ಇಳಿಯುವುದು ಯಾವಾಗ? ನಿದ್ರೆಯೂ ಕೆಡುತ್ತದೆ, ಮನಸ್ಸೂ ಕೆಡುತ್ತದೆ. ಸ್ವಲ್ಪ ದಿನ ರಜೆ ಹಾಕಿ. ಹೊತ್ತಿಗೆ ಸರಿಯಾಗಿ ಮಲಗಿ, ನಡೆಯಿರಿ, ಜನರ ಜೊತೆ ನಗಾಡಿ. ಮೂಗಲ್ಲಿ ಉಸಿರು ತಗೊಂಡು, ತುಟಿ ಸಣ್ಣ ಮಾಡಿ ನಿಧಾನಕ್ಕೆ ಬಿಡಿ.”

“ಇಷ್ಟೇಯಾ?” ಧರ್ಣಪ್ಪ ಎದೆಯುಬ್ಬಿಸಿದ. “ಟಿಕೆಟ್ ಇಲ್ಲದ ಎಂತೆಂಥ ಪೈಲ್ವಾನರನ್ನು ಇಳಿಸಿದವ ನಾನು! ಒಂದು ಹಾರ್ಮೋನನ್ನು ಇಳಿಸಲಿಕ್ಕೆ ಆಗುವುದಿಲ್ಲವಾ?”

“ಇಳಿಸಿ ತೋರಿಸಿ,” ಎಂದಳು ಹರಿಣಾಕ್ಷಿ. “ಇನ್ನೊಂದು ಸಲ ರಸ್ತೆಯಲ್ಲಿ ಜಗಳ ಆಡಿದರೆ ಬಸ್ಸಿನ ಮಾಲಕರಿಗೆ ನಾನೇ ಫೋನ್ ಮಾಡ್ತೇನೆ. ಮತ್ತೆ ಬಸ್ಸು ಹತ್ತಲಿಕ್ಕಿಲ್ಲ!”

ಬಸ್ಸಿಲ್ಲದ ಧರ್ಣಪ್ಪ! ಅವನ ಮುಖ ಬಿಳಿಚಿತು.

ಮರುದಿನ ಜಗಲಿಯಲ್ಲಿ ಕಣ್ಣುಮುಚ್ಚಿ ಮಹರ್ಷಿಯಂತೆ ಕೂತ. ಉಸಿರೆಳೆದ. ತುಟಿ ಸಣ್ಣ ಮಾಡಿ ಬಿಟ್ಟ. ಆದರೆ ಅದು ಕಂಡಕ್ಟರನ ತುಟಿ! ಹೊರಬಂದದ್ದು ಉದ್ದದ ಒಂದು ವಿಸಿಲ್. ಒಂದು ವಿಸಿಲ್ ಎಂದರೆ ನಿಲ್ಲಿಸು, ಎರಡಾದರೆ ಹೊರಡು. ಮನೆಯೆದುರಿನ ರಸ್ತೆ ಉಬ್ಬಿನಲ್ಲಿ ತೆವಳುತ್ತಿದ್ದ ಬಸ್ಸು ಗಕ್ಕನೆ ನಿಂತಿತು.

“ಯಾರು ಇಳಿಲಿಕ್ಕೆ?” ಡ್ರೈವರ್ ಕೂಗಿದ.

“ಯಾರೂ ಇಲ್ಲ ಮಾರಾಯ! ಯಾಕೆ ನಿಲ್ಲಿಸಿದ್ದು?” ಎಂದ ಕಂಡಕ್ಟರ್ ಇರ್ಷಾದ್.

“ನೀನೇ ಅಲ್ವಾ ವಿಸಿಲ್ ಹಾಕಿದ್ದು?”

“ನನ್ನ ಬಾಯಲ್ಲಿ ಬನ್ಸ್ ಉಂಟು!”

ಮಹರ್ಷಿಗಳು ಇನ್ನೊಮ್ಮೆ ಉಸಿರು ಬಿಟ್ಟರು. ಹಿಂದಿನ ಬಸ್ಸೂ ನಿಂತಿತು. ಅದರ ಕಂಡಕ್ಟರ್ ಶೇಖರ ಹಾರಿ ಬಂದ. “ನಮ್ಮ ಟೈಮಲ್ಲಿ ಇಲ್ಲಿ ನಿಂತು ಜನ ಹತ್ತಿಸ್ತೀಯಾ?” ಗದ್ದಲಕ್ಕೆ ಗಾಬರಿಯಾದ ಧರ್ಣಪ್ಪ ಮತ್ತೂ ಜೋರಾಗಿ ಉಸಿರು ಬಿಟ್ಟ. ಎದುರಿನಿಂದ ಬಂದ ಬಸ್ಸೂ ನಿಂತಿತು. ರಸ್ತೆ ಬಂದ್! “ಇಲ್ಲೂ ಸ್ಟಾಪ್ ಆಯಿತಾ? ಒಳ್ಳೆದಾಯಿತು,” ಎಂದು ಅಜ್ಜಿಯೊಬ್ಬರು ಚೀಲಸಮೇತ ಇಳಿದೇಬಿಟ್ಟರು.

ಇರ್ಷಾದ್, ಶೇಖರ ಇಬ್ಬರೂ ಅಂಗಳಕ್ಕೆ ನುಗ್ಗಿದರು. “ಧರ್ಣಪ್ಪಣ್ಣ, ನೀವೇ ಹೇಳಿ, ತಪ್ಪು ಯಾರದ್ದು?”

ಧರ್ಣಪ್ಪನ ಕತ್ತಿನ ನರ ಉಬ್ಬಿತು. ಬಾಗಿಲಲ್ಲಿ ಹರಿಣಾಕ್ಷಿ, ಕೈಯಲ್ಲಿ ಫೋನ್. ಅವನು ಫೋನು ನೋಡಿದ, ಸಾಲುಗಟ್ಟಿದ ಬಸ್ಸುಗಳನ್ನು ನೋಡಿದ.

“ತಪ್ಪು... ನನ್ನ ಹಾರ್ಮೋನಿಂದು! ವಿಸಿಲ್ ಹಾಕಿದ್ದು ನಾನೇ!” ಎಂದವನೇ ನಗಲು ಶುರುಮಾಡಿದ. ಮೆಟ್ಟಿಲ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು ನಕ್ಕ. ಬಸ್ಸಿಗೆ ಬಸ್ಸೇ ನಕ್ಕಿತು.

“ನಿಮ್ಮ ಹಾರ್ಮೋನು ಇಳಿಯಿತೋ ಇಲ್ಲವೋ, ಆ ಅಜ್ಜಿಯಂತೂ ಇಳಿದರು,” ಎಂದು ಹರಿಣಾಕ್ಷಿ ಫೋನು ಒಳಗಿಟ್ಟಳು. ಆ ರಾತ್ರಿ ಅವನು ಗೊರಕೆ ಹೊಡೆದ. ರಜೆ ಮುಗಿದ ಮೇಲೆ ಅವಳೇ ಬಸ್ಸು ಹತ್ತಿಸಿದಳು.

ಹೋದ ಸೋಮವಾರ ಬೆಳಿಗ್ಗೆ ಧರ್ಣಪ್ಪ ಜಗಲಿಯಲ್ಲಿ ಕೂತಿದ್ದಾಗ ಅದೇ ಉಬ್ಬಿನಲ್ಲಿ ಇರ್ಷಾದ್, ಶೇಖರ ಬಸ್ಸು ನಿಲ್ಲಿಸಿ ಒಂದು ನಿಮಿಷಕ್ಕಾಗಿ ಕಿತ್ತಾಡುತ್ತಿದ್ದರು.

“ಜಗಳಕ್ಕೆ ಹೋಗಬೇಡಿ ಮಾರಾಯ್ರೆ!” ಒಳಗೆ ಚಾ ಸೋಸುತ್ತಿದ್ದ ಹರಿಣಾಕ್ಷಿ ಕೂಗಿದಳು.

“ಇಲ್ಲ ಮಾರಾಯ್ತಿ, ಉಸಿರು ಬಿಡ್ತಾ ಇದ್ದೇನೆ!”

ಕುರ್ಚಿಯಿಂದ ಏಳಲೇ ಇಲ್ಲ. ಮೂಗಿನಲ್ಲಿ ಉಸಿರೆಳೆದ, ತುಟಿ ಸಣ್ಣ ಮಾಡಿದ, ಎರಡು ವಿಸಿಲ್ ಹಾಕಿ ಎರಡೂ ಬಸ್ಸುಗಳನ್ನು ಹೊರಡಿಸಿದ. ಹರಿಣಾಕ್ಷಿ ಚಾ ತರುವಷ್ಟರಲ್ಲಿ ತಾನೂ ಹೊರಟಿದ್ದ.