ಭೀಮಕ್ಕ ಆಟಕ್ಕೆ ಬರದ ಕಾರಣ

"ಅದು ನನ್ನ ಮನೆ ರೀ. ಅದರಾಗೆ ಯಾಕೆ ಕೈ ಹಾಕ್ತೀರಿ?"

"ಮದ್ವೆಯಾಗಿ ಇಷ್ಟು ವರ್ಷ ಆದ್ಮೇಲೆ ನಿಂದೊಂದು ಮನೆ, ನಂದೊಂದು ಮನೆನಾ?"

"ಈ ಸಾಲಿನ ಗುಳಿಯೆಲ್ಲ ನನ್ನವು, ಆ ಸಾಲು ನಿಮ್ದು. ಬೆಳಗ್ಗಿಂದ ಇದನ್ನೇ ಹೇಳ್ತಾ ಇದೀನಿ."

ನ್ಯಾಮತಿಯಲ್ಲಿ ಬಿತ್ತನೆ ಬೀಜದ ಅಂಗಡಿ ಇಟ್ಟಿದ್ದ ಹಾಲಸ್ವಾಮಿ, ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಹೊನ್ನಾಳಿಗೆ ಹೋದವನು, ಬಸ್ಸು ನಿಲ್ಲುವ ಮೊದಲೇ ಇಳಿಯುವ ಶೌರ್ಯ ತೋರಿಸಿ ಕಾಲು ಮುರಿದುಕೊಂಡಿದ್ದ. ಅಂಗಡಿ ತಮ್ಮನ ಪಾಲಾಯಿತು, ಪಡಸಾಲೆ ಇವನ ಪಾಲಾಯಿತು. ಪ್ಲಾಸ್ಟರು ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತವನಿಗೆ ಟ್ರಾನ್ಸಿಸ್ಟರು ಸಾಕಾಗಿ, ಹೆಂಡತಿ ಸರ್ವಮಂಗಳಮ್ಮನ ಅಳಗುಳಿ ಮಣೆಯ ಮೇಲೆ ಕಣ್ಣು ಬಿತ್ತು. ಕೆಲಸವಿಲ್ಲದ ಹೆಂಗಸರ ಕಸುಬು ಎಂದು ಅಷ್ಟು ವರ್ಷ ತಾನೇ ಹಂಗಿಸುತ್ತಿದ್ದ ಆಟವನ್ನು ಈಗ ಕಲಿಸು ಎಂದು ಹಟ ಹಿಡಿದ.

ಆಟವೇನೋ ಸುಲಭವೇ. ಒಂದು ಗುಳಿಯ ಹುಣಸೆ ಬೀಜಗಳನ್ನೆಲ್ಲ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದೇ ಬಿತ್ತುತ್ತಾ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿ ಖಾಲಿ ಇದ್ದರೆ, ಅದನ್ನು ಬೆರಳಿನಿಂದ ಸವರಿ ಅದರಾಚೆಯ ಗುಳಿಯಲ್ಲಿ ಇದ್ದದ್ದನ್ನೆಲ್ಲ ಗೆದ್ದುಕೊಳ್ಳಬೇಕು. ಹಾಲಸ್ವಾಮಿಗೆ ಗೆದ್ದುಕೊಳ್ಳುವ ಭಾಗ ಮಾತ್ರ ಬೇಗ ಅರ್ಥವಾಯಿತು.

"ಒಂದು ಗುಳಿ ಬಿಟ್ಟು ಹಾಕಿದ್ರಲ್ಲ."

"ಒತ್ತಾಗಿ ಬಿತ್ತಿದ್ರೆ ಬೆಳೆ ಏಳಲ್ಲ. ರೈತರಿಗೂ ನಾನು ಇದನ್ನೇ ಹೇಳೋದು."

"ಅದಕ್ಕೇ ಇರಬೇಕು, ಗೋವಿನಕೋವಿ ಊರಿನ ರೈತರು ನಿಮ್ಮ ಬೀಜ ಹುಟ್ಟಲೇ ಇಲ್ಲ ಅಂತ ಅಂಗಡಿಗೆ ಬಂದಿದ್ದು."

ಅವನು ಕೇಳಿಸದವನಂತೆ ಮತ್ತೊಂದು ಗುಳಿ ಬಾಚಿದ. ಹಾಕಿದ ಬೀಜವನ್ನು ವಾಪಸು ತೆಗೆಯಬಾರದು ಎಂದರೆ, ಅಂಗಡಿಯಲ್ಲಿ ತಾನು ಎಷ್ಟು ಚೀಲ ವಾಪಸು ತೆಗೆದುಕೊಂಡಿಲ್ಲ ಎಂದು ವಾದಿಸಿದ. ಪಕ್ಕದ ಗುಳಿ ಖಾಲಿ ಇರಬೇಕು ಎಂದರೆ, ಅದು ಖಾಲಿ ಆಗುವವರೆಗೆ ಕಾಯುತ್ತೇನೆ, ನೀನು ಆಡಬೇಡ ಎಂದ. ಮೂರು ಆಟ ಸೋತ ಮೇಲೆ ತೀರ್ಪು ಕೊಟ್ಟ.

"ಆಟ ಸರಿ ಐತೆ. ನಿನಗೆ ಕಲಿಸಾಕೆ ಬರಲ್ಲ."

ಸರ್ವಮಂಗಳಮ್ಮ ಬೀಜವನ್ನೆಲ್ಲ ಬಾಚಿ ಡಬ್ಬಿಗೆ ಸುರಿದಳು.

"ನಿಮಗೆ ಕಲಿಸ್ತೀನಿ ಅಂತ ನಾನೇನು ಹರಕೆ ಹೊತ್ತಿಲ್ಲ. ನೀವು ಇಲ್ಲಿ ಕುಂತಾಗಿಂದ ಎದುರುಮನೆ ಭೀಮಕ್ಕ ಈ ಕಡೆ ತಲೆ ಹಾಕಿಲ್ಲ. ಗಂಡಸರ ಮುಂದೆ ಕೂತು ಆಡಾಕೆ ಪಾಪ, ಆಕೆಗೆ ಸಂಕೋಚ. ದಿನಕ್ಕೆ ಅದೊಂದು ಹೊತ್ತು ನಂದು ಅಂತ ಇತ್ತು. ಅದರ ಮ್ಯಾಲೂ ನೀವು ಕಾಲು ಚಾಚಿದ್ರಿ."

ಇಷ್ಟು ಹೇಳುವಾಗ ಅವಳ ದನಿಯಲ್ಲಿ ಎಂದಿನ ಕೊಂಕು ಇರಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಹಾಲಸ್ವಾಮಿ ದಿನದಂತೆ ಉಪ್ಪು ಕಡಿಮೆ ಎನ್ನಲಿಲ್ಲ.

ಮರುದಿನ ಮಧ್ಯಾಹ್ನ ಹೆಂಡತಿ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಾಗ, ಅವನು ಕೋಲೂರಿ ಕುಂಟುತ್ತಾ ಬೀದಿ ದಾಟಿ ಭೀಮಕ್ಕನ ಬಾಗಿಲಿಗೆ ಹೋದ. ಟೀ ಅಂಗಡಿಯವರೆಲ್ಲ ಲೋಟ ಕೆಳಗಿಟ್ಟು ನೋಡಿದರು. ತಾನು ನಾಳೆಯಿಂದ ಹಿತ್ತಲಲ್ಲಿ ಕೂರುವುದಾಗಿಯೂ ಅವಳು ಸಂಕೋಚವಿಲ್ಲದೆ ಆಟಕ್ಕೆ ಬರಬೇಕೆಂದೂ ಕೇಳಿಕೊಂಡ. ಭೀಮಕ್ಕ ಸೆರಗು ಸರಿಮಾಡಿಕೊಂಡು ಅವನ ಹಿಂದೆಯೇ ಬಂದಳು. ಪಡಸಾಲೆಯಲ್ಲಿ ಅವಳನ್ನು ಕಂಡ ಸರ್ವಮಂಗಳಮ್ಮ ಒದ್ದೆ ಕೈಯಲ್ಲೇ ಮಣೆ ತಂದಿಟ್ಟಳು.

"ಬಾ ಭೀಮಕ್ಕ. ನಿನ್ನ ಸಂಕೋಚನ ಬೀದಿ ದಾಟಿ ಬಿಡಿಸ್ಕೊಂಡು ಬಂದ್ರಲ್ಲ, ದೊಡ್ಡ ಮನುಷ್ಯರು."

ಭೀಮಕ್ಕ ಹಾಲಸ್ವಾಮಿಯ ಕಡೆ ತಿರುಗಿದಳು.

"ಸಂಕೋಚ ಎಲ್ಲಿಂದು ಅಣ್ಣಾರೆ. ಇಷ್ಟು ವರ್ಷದಾಗೆ ಮಂಗಳಕ್ಕ ನನಗೆ ಒಂದಾಟನಾದ್ರೂ ಗೆಲ್ಲಾಕೆ ಬಿಟ್ಟಾರಾ, ಕೇಳ್ರಿ. ಸೋತ ಸಿಟ್ಟಿಗೆ ಮನೇಲಿ ರೊಟ್ಟಿ ಸೀದು ಹೋಗ್ತಿದ್ವು. ನೀವು ಕಾಲು ಮುರ್ಕೊಂಡಿದ್ದು ನನಗೆ ಭಾರಿ ಉಪಕಾರ ಆತು."

ಸರ್ವಮಂಗಳಮ್ಮನ ಕೈ ಡಬ್ಬಿಯ ಮೇಲೆಯೇ ನಿಂತಿತು.

"ಮತ್ತೆ ದಿನಾ ಯಾಕೆ ಬರ್ತಿದ್ದೆ?"

"ನೀವು ಅಷ್ಟು ಆಸೆಯಿಂದ ಕರೀತಿದ್ರಿ. ಬರಲ್ಲ ಅನ್ನಾಕೆ ನನಗೆ ಬಾಯಿ ಬರಲಿಲ್ಲ."

ಆಟ ಗೆದ್ದಿದ್ದರೂ ಹಾಲಸ್ವಾಮಿ ಅಷ್ಟು ಹಿಗ್ಗುತ್ತಿರಲಿಲ್ಲ. ಆದರೆ ಹೆಂಡತಿಯ ಮುಖ ನೋಡಿ ನಗು ನುಂಗಿಕೊಂಡ. ಅವಳು ಒಳಗೆ ಹೋದಳು. ತುಂಬ ಹೊತ್ತಿನ ಮೇಲೆ ಮಜ್ಜಿಗೆ ತಂದು ಇಬ್ಬರಿಗೂ ಕೊಟ್ಟು, ಗೋಡೆಗೊರಗಿ ಕೂತಳು. ಅಷ್ಟರಲ್ಲಿ ಭೀಮಕ್ಕ, ಅಣ್ಣಾರಿಗೂ ಆಟ ಬರುತ್ತದೆಂದು ಬೀದಿಯೆಲ್ಲ ಕೇಳಿಸಿದೆ, ಅವರ ಜೊತೆಯೇ ಒಂದಾಟ ಆಗಲಿ ಎಂದು ಬೀಜ ಹಂಚುತ್ತಿದ್ದಳು.

ಹಾಲಸ್ವಾಮಿ ಹುರುಪಿನಿಂದ ಶುರು ಮಾಡಿದ. ಸ್ವಲ್ಪ ಹೊತ್ತಿಗೆ ಅವನ ಸಾಲು ಬೋಳಾಗುತ್ತಾ ಬಂತು. ಭೀಮಕ್ಕನ ಮುಂದೆ ಬೀಜದ ಗುಡ್ಡೆ ಬೆಳೆದಂತೆ ಅವಳ ಮುಖವೂ ಬೆಳಗುತ್ತಿತ್ತು. ಅವನು ಮೆಲ್ಲಗೆ ಹೆಂಡತಿಯ ಕಡೆ ವಾಲಿದ.

"ಯಾವ ಮನೆ ತೆಗೀಲಿ? ಒಂಚೂರು ಹೇಳು."

ಸರ್ವಮಂಗಳಮ್ಮ ಅವನ ಕಿವಿಗೆ ಮಾತ್ರ ಕೇಳುವಂತೆ ಹೇಳಿದಳು:

"ಯಾವುದಾದ್ರೂ ತೆಗೀರಿ, ಸೋತರೆ ಸಾಕು. ಆಕೆ ನಾಳೆನೂ ಬರಬೇಕು."