ಡಬ್ಬಿಯೊಳಗಿನ ಏಕಾಗ್ರತೆ

ಇನ್ನು ಸಾಕ್ಷಾತ್ ಯಮನೇ ಬಂದರೂ ನನ್ನ ಏಕಾಗ್ರತೆ ಕದಡದು! ಹೀಗೆಂದು ಘೋಷಿಸಿದ ಮಹಾಪುರುಷ ನಾನೇ, ಕೊರಿಯಾದ ಡೇಗು ನಗರದ ಛತ್ರಿ ಕಂಪನಿಯೊಂದರ ಯೋಜನಾ ವಿಭಾಗದ ಮುಖ್ಯಸ್ಥ ಪ್ಯೊ. ಘೋಷಣೆಯ ಬೆಂಬಲಕ್ಕೆ ಒಂದು ಡಬ್ಬಿಯನ್ನೂ ಕೊಂಡಿದ್ದೆ. ಪರೀಕ್ಷೆಗೆ ಓದುವ ಮಕ್ಕಳಿಗೆ ತಾಯಂದಿರು ಕೊಡಿಸುತ್ತಾರಲ್ಲ, ಅಂಥದ್ದು. ಫೋನು ಒಳಗಿಟ್ಟು ಮುಚ್ಚಳದ ಗಡಿಯಾರವನ್ನು ಬೇಕಾದ ಹೊತ್ತಿಗೆ ತಿರುಗಿಸಿದರೆ ಮುಗಿಯಿತು, ಆ ಗಳಿಗೆಯ ತನಕ ಗೋಗರೆದರೂ ಬಾಯಿ ಬಿಡುವುದಿಲ್ಲ!

ತನ್ನಪ್ಪ ಮಲಗಿದ್ದ ಆಸ್ಪತ್ರೆಯಿಂದ ಬಟ್ಟೆ ಬದಲಿಸಲು ಬಂದಿದ್ದ ಹೆಂಡತಿ ಸೊನ್‌ಹಿ ಡಬ್ಬಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ರೀ, ಅಪ್ಪ ಯಾಕೋ ನಿಮ್ಮನ್ನೇ ಕೇಳ್ತಿದಾರೆ. ಈಗ್ಲೇ ಒಂದು ಸಲ ಬಂದು ಹೋಗಿ."

"ಇವತ್ತು ವರದಿ ಮುಗಿಸ್ಲೇಬೇಕು ಕಣೆ. ಸಂಜೆ ಐದಕ್ಕೆ ಹೊರಟು ಬಂದೇ ಬರ್ತೀನಿ."

"ಐದರ ತನಕ ಕಾಯಿ ಅಂತ ಅಪ್ಪಂಗೆ ಹೇಳ್ಲಾ?"

"ಹೇಳು! ಮಾವ ನನ್ನ ಮಾತು ಯಾವತ್ತು ಮೀರಿದಾರೆ?"

ನಿಜಕ್ಕೂ ಮೀರಿದವರಲ್ಲ. ಹೆತ್ತಪ್ಪನನ್ನು ಕಾಣದ ನನಗೆ ಅಪ್ಪನಾಗಿದ್ದವರು ಅವರೇ.

ಆಫೀಸಿನಲ್ಲಿ ನನ್ನ ಮೇಜು ಸಂತೆಯ ನಡುವೆ ಇದ್ದಂತೆ. ಅದಕ್ಕೇ ಯಾರಿಗೂ ಹೇಳದೆ ಮೇಲಿನ ಮಹಡಿಯ ಉಗ್ರಾಣ ಸೇರಿ, ಕಡ್ಡಿ ಮುರಿದ ಛತ್ರಿಗಳ ನಡುವೆ ಕೂತು, ಕಿವಿಗೆ ಹತ್ತಿ ತುರುಕಿ, ಫೋನನ್ನು ಡಬ್ಬಿಗೆ ಹಾಕಿ ಐದಕ್ಕೆ ತಿರುಗಿಸಿದೆ. ಆಹಾ, ಏನು ಶಾಂತಿ! ವರದಿ ಓಡಿತು. ಐದಕ್ಕೆ ಮೊದಲೇ ಮುಗಿಸಿ, ಎದೆಯುಬ್ಬಿಸಿ ಕೆಳಗಿಳಿದೆ.

ವಿಭಾಗದಲ್ಲಿ ನರಪಿಳ್ಳೆಯಿಲ್ಲ! ಬಾಗಿಲಲ್ಲಿ ಹೊಸ ಕಾವಲುಗಾರ ಮಾತ್ರ ಇದ್ದ.

"ಎಲ್ಲರೂ ಎಲ್ಲಿ ಹಾಳಾಗಿ ಹೋದ್ರಪ್ಪಾ?"

"ಅಂತಿಮ ದರ್ಶನಕ್ಕೆ ಹೋದ್ರು ಸಾರ್. ಪ್ಯೊ ಅಂತ ಒಬ್ರಿದಾರಂತೆ, ಅವರ ಮಾವ ತೀರ್ಕೊಂಡ್ರಂತೆ. ನೀವು ಹೋಗ್ಲಿಲ್ವಾ?"

ಕೈಯಲ್ಲಿದ್ದ ಡಬ್ಬಿಯನ್ನು ಗೋಡೆಗೆ ಬಡಿದೆ, ಮತ್ತೆ ಬಡಿದೆ. ಬಿರುಕೂ ಬಿಡಲಿಲ್ಲ. ಅದನ್ನು ಕಂಕುಳಲ್ಲಿ ಅವುಚಿಕೊಂಡೇ ಟ್ಯಾಕ್ಸಿ ಹತ್ತಿದೆ.

ಅದೇ ಆಸ್ಪತ್ರೆಯ ನೆಲಮಾಳಿಗೆಯ ಶೋಕಮಂಟಪದಲ್ಲಿ ನನ್ನ ಇಡೀ ವಿಭಾಗ ಕಪ್ಪು ಟೈ ಕಟ್ಟಿಕೊಂಡು, ಸಾಲಾಗಿ ಕೂತು, ಸಾವಿಗೆ ಬಂದವರಿಗೆಲ್ಲ ಬಡಿಸುವ ಖಾರದ ಮಾಂಸದ ಸಾರು ಕುಡಿಯುತ್ತಿತ್ತು! ನನ್ನ ಕೈಕೆಳಗಿನ ಕ್ವಾಕ್ ಚಮಚ ಬಿಟ್ಟು ಎದ್ದ.

"ಸಾರ್! ಎಲ್ಲಿ ಹೋಗಿದ್ರಿ? ನಿಮಗೆ ಸಮಾಧಾನ ಹೇಳೋಣ ಅಂತ ಕಾದೂ ಕಾದೂ ಎರಡನೇ ಸಲ ಸಾರು ಹಾಕಿಸ್ಕೊಂಡ್ವಿ!"

"ನನಗ್ಯಾಕ್ರೀ ಯಾರೂ ಹೇಳ್ಲಿಲ್ಲ?"

"ನಿಮಗೆ ನಾವು ಹೇಳೋದಾ? ನಿಮ್ಮ ಬಾಮೈದ ಆಫೀಸಿಗೆ ಸುದ್ದಿ ಕಳಿಸಿದ್ರು. ನೀವು ಜಾಗದಲ್ಲಿ ಇರ್ಲಿಲ್ಲ. ಅಳಿಯ ಅಂದ್ಮೇಲೆ ಆಗ್ಲೇ ಇಲ್ಲಿರ್ತೀರಿ ಅನ್ಕೊಂಡ್ವಿ."

ಹೂವಿನ ನಡುವಿನ ಪಟದಿಂದ ಮಾವ ನನ್ನನ್ನೇ ನೋಡುತ್ತಿದ್ದರು. ಹಣೆ ನೆಲಕ್ಕೆ ಹಚ್ಚಿದವನಿಗೆ ಏಳಲು ಮುಖವಿರಲಿಲ್ಲ. ಅಳು ಒತ್ತರಿಸಿ ಬಂತು. ಸೊನ್‌ಹಿಯೇ ಹಿಡಿದೆತ್ತಿದಳು. ಅವಳ ಕಣ್ಣುಗಳು ಅತ್ತೂ ಅತ್ತೂ ಊದಿಕೊಂಡಿದ್ದವು.

"ಮಧ್ಯಾಹ್ನದ ತನಕ ಬಾಗಿಲೇ ನೋಡ್ತಿದ್ರು ರೀ. ನಾನು ಫೋನ್ ಮಾಡ್ತಾನೇ ಇದ್ದೆ. ಕೊನೆಗೆ ಅವರೇ ನನ್ನ ಕೈ ಹಿಡಿದು, 'ಸಾಕು ಬಿಡಮ್ಮ, ಅಳಿಯಂದಿರು ಕೆಲಸದಲ್ಲಿರ್ತಾರೆ, ತೊಂದ್ರೆ ಕೊಡ್ಬೇಡ' ಅಂದ್ರು."

ಅವಳು ನನ್ನ ತೋಳಿಗೆ ಅಳಿಯನ ಶೋಕಪಟ್ಟಿ ಕಟ್ಟಿ, ಪಟದ ಪಕ್ಕದ ಚಾಪೆ ತೋರಿಸಿದಳು.

"ಕೂತ್ಕೊಳ್ಳಿ. ಇನ್ನು ಅಪ್ಪ ನಿಮ್ಮನ್ನ ಕರೆಯಲ್ಲ."