ಖಾಲಿ ಕಳಿಸಬಾರದ ಡಬ್ಬಿ

ಸಾಲವಿಲ್ಲದವರಿಗೆ ಒಂದು ಜಂಬ ಇರುತ್ತದೆ. ಅದು ದುಡ್ಡಿದ್ದವರ ಜಂಬಕ್ಕಿಂತ ಕೆಟ್ಟದ್ದು. ದುಡ್ಡಿದ್ದವರು ಪಾಪ, ಕಾರು ತೋರಿಸಿ, ಬಳೆ ತೋರಿಸಿ ಸುಮ್ಮನಾಗುತ್ತಾರೆ. ನಮ್ಮಂಥವರಿಗೆ ತೋರಿಸಲು ಏನೂ ಇಲ್ಲವಲ್ಲ, ಬಾಯಲ್ಲಿ ಹೇಳಿಕೊಂಡೇ ತಿರುಗಬೇಕು. ನಾನು ಅನ್ನಪೂರ್ಣೇಶ್ವರಿ ನಗರದ ಒಂದು ಸಣ್ಣ ಶಾಲೆಯಲ್ಲಿ ಮೂರನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳುತ್ತೇನೆ. ಅಲ್ಲಿಯ ಸ್ಟಾಫ್ ರೂಮಿನಲ್ಲಿ ಯಾರಾದರೂ ‘ಅಯ್ಯೋ, ಈ ತಿಂಗಳ ಇಎಂಐ’ ಎಂದು ಉಸಿರು ಬಿಟ್ಟರೆ ಸಾಕು, ನಾನು ಊಟದಿಂದ ತಲೆ ಎತ್ತಿ, “ನಮ್ಮನೇಲಿ ಆ ಪದಾನೇ ಇಲ್ಲಪ್ಪ” ಎಂದುಬಿಡುತ್ತೇನೆ. ನನ್ನನ್ನು ಯಾರೂ ಕೇಳಿರುವುದಿಲ್ಲ. ಆಮೇಲೆ ಸ್ವಲ್ಪ ಹೊತ್ತು ನನ್ನ ಜೊತೆ ಯಾರೂ ಮಾತಾಡುವುದೂ ಇಲ್ಲ.

ಈ ನಿಯಮ ಮೂಲತಃ ನಮ್ಮ ಯಜಮಾನರದು. ರಾಜಾಜಿನಗರದ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಮಿಷನ್ ಮೇಲೆ ಕೆಲಸ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುವುದನ್ನು ಅವರು ಎಷ್ಟು ನಂಬಿದ್ದಾರೆಂದರೆ ಮಲಗುವಾಗಲೂ ಮಂಡಿ ಮಡಚಿಕೊಂಡೇ ಮಲಗುತ್ತಾರೆ. ಒಮ್ಮೆ ವಿಜಯನಗರದಲ್ಲಿ ಫೋನು ಕೊಳ್ಳಲು ಹೋದಾಗ ಅಂಗಡಿಯ ಹುಡುಗಿ, “ಸಾರ್, ಜೀರೋ ಪರ್ಸೆಂಟ್ ಲೋನ್ ಇದೆ ಸಾರ್” ಎಂದಳು. “ಜೀರೋ ಅಂದ್ರೆ ಫ್ರೀನಾಮ್ಮ?” ಎಂದರು ಇವರು. “ಇಲ್ಲ ಸಾರ್, ಕಂತು ಕಟ್ಬೇಕು.” “ಹಂಗಾದ್ರೆ ಅದು ಸಾಲಾನೇ ತಾನೇ, ಬಿಡಮ್ಮ” ಎಂದು ಹಳೆಯ ಫೋನಿಗೆ ಹೊಸ ಕವರ್ ಹಾಕಿಸಿಕೊಂಡು ಬಂದರು. ಕವರ್ ಚೆನ್ನಾಗಿದೆ.

ಅತ್ತೆಯಂತೂ ಇನ್ನೂ ಒಂದು ಕೈ ಮೇಲು. ಎಣ್ಣೆ ಪ್ಯಾಕೆಟ್ಟು ಖಾಲಿಯಾದರೆ ನಾವೆಲ್ಲ ಬಿಸಾಕುತ್ತೇವೆ. ಅವರು ಅದನ್ನು ಕತ್ತರಿಸಿ ಬಿಡಿಸಿ, ಚಪಾತಿ ಹಿಟ್ಟಿನ ಉಂಡೆಯನ್ನು ಅದರೊಳಗೆ ಹೊರಳಾಡಿಸಿ, ಪ್ಯಾಕೆಟ್ಟು ಹೊಸದಕ್ಕಿಂತ ಸ್ವಚ್ಛವಾದ ಮೇಲೆ ಕೈಬಿಡುತ್ತಾರೆ. ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು. ಈಗ ಅವರು ಊರಿಗೆ ಹೋದಾಗ ನಾನೂ ಹಾಗೇ ಮಾಡುತ್ತೇನೆ, ಬಾಗಿಲು ಹಾಕಿಕೊಂಡು. ಹೀಗೆಂದ ಮಾತ್ರಕ್ಕೆ ನಾವು ಹೊಟ್ಟೆ ಬಟ್ಟೆ ಕಟ್ಟಿ ಬದುಕುವ ಜನ ಎಂದುಕೊಳ್ಳಬೇಡಿ. ಸಂಜೆ ಗಾಡಿಯವನು ಮನೆಗೆ ಹೊರಡುವ ಹೊತ್ತಿಗೆ ಕೊಂಡ ದಂಟಿನ ಸೊಪ್ಪಿನ ಹುಳಿ, ಬಿಸಿ ಮುದ್ದೆ, ನಾಲ್ಕು ಜನ ನೆಲದ ಮೇಲೆ ಕೂತು ಉಣ್ಣುವಾಗ ಬಾಗಿಲು ತಟ್ಟಿ ಬಾಕಿ ಕೇಳುವವರು ಯಾರೂ ಇಲ್ಲವಲ್ಲ, ಆ ಸುಖಕ್ಕೆ ದೇವರಿಗೆ ದಿನಾ ಕೈ ಮುಗಿಯುತ್ತೇನೆ.

ನಾಲ್ಕನೆಯವಳು ನಮ್ಮ ಮಗಳು ಪಲ್ಲವಿ. ಬಿಕಾಂ ಓದುತ್ತಾಳೆ. ಅವಳ ಎರಡನೇ ವರ್ಷದ ಫೀಸನ್ನು ಯಾರ ಹತ್ತಿರವೂ ಕೈ ಚಾಚದೆ ಕಟ್ಟಬೇಕೆಂದು ವರ್ಷವಿಡೀ ಕೂಡಿಸಿ, ಬೀರುವಿನಲ್ಲಿ ನನ್ನ ಮದುವೆ ಸೀರೆಯ ಕೆಳಗೆ ಇಟ್ಟಿದ್ದೆವು. ಶ್ರಾವಣ ಶುರುವಾಗುವ ಹೊತ್ತಿಗೆ ಅದು ಸರಿಯಾಗಿ ಫೀಸಿನಷ್ಟೇ ಆಗಿತ್ತು. ಅದರಲ್ಲಿ ಒಂದು ನೋಟು ಕಡಿಮೆಯಾದರೂ ಸಾಲವೇ ಗತಿ. ಅಂಥ ಹೊತ್ತಿನಲ್ಲೇ ನಾನು ಸಿಕ್ಕಿಬಿದ್ದದ್ದು, ಬ್ಯಾಂಕಿಗಲ್ಲ, ಎದುರು ಮನೆಯ ಸ್ಟೀಲ್ ಡಬ್ಬಿಗೆ.

ಎದುರು ಮನೆಗೆ ಹೊಸದಾಗಿ ಬಂದವರು ಸರೋಜಮ್ಮ ಮತ್ತು ಅವರ ಯಜಮಾನರು, ಇಬ್ಬರೂ ರಿಟೈರಾದವರು. ಹಾಲುಕ್ಕಿಸಿದ ದಿನ ಒಂದು ಡಬ್ಬಿ ತುಂಬ ಹೋಳಿಗೆ ಕಳಿಸಿದರು. ತಿಂದೆವು, ಚೆನ್ನಾಗಿತ್ತು. ಆದರೆ ಬಂದ ಪಾತ್ರೆಯನ್ನು ಖಾಲಿ ಕಳಿಸುವ ಹಾಗಿಲ್ಲವಲ್ಲ! ಅದು ನಮ್ಮ ಕಡೆ ಹುಟ್ಟಿದಾಗಿನಿಂದ ಕಲಿಸಿದ ಪಾಠ. ಚಿತ್ರಾನ್ನ ತುಂಬಿ ಕಳಿಸಿದೆ. ಕಳಿಸಿದ ಮೇಲೆ, ಹೋಳಿಗೆಗೆ ಚಿತ್ರಾನ್ನವೇ, ಛೆ, ಎಂದು ಮನಸ್ಸು ಕುಟುಕಿತು. ಎರಡೇ ದಿನಕ್ಕೆ ಡಬ್ಬಿ ಕೋಡುಬಳೆ ತುಂಬಿಕೊಂಡು ವಾಪಸ್ ಬಂತು. ಏನು ಕೋಡುಬಳೆ ಅಂತೀರಿ! ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. “ಕೈ ಅಂದ್ರೆ ಇದು ನೋಡಿ” ಎಂದೆ. ಯಜಮಾನರು ಒಂದನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸಿ ನೋಡಿ, “ನಮ್ ಮಿಷನ್ನಲ್ಲೂ ಇಷ್ಟು ಕರೆಕ್ಟಾಗಿ ಬರಲ್ಲ ಕಣೇ” ಎಂದರು. ನನಗೆ ಉರಿದುಹೋಯಿತು. ನಮ್ಮ ಮನೆ ಏನು ಕಡಿಮೆ? ದ್ರಾಕ್ಷಿ ಗೋಡಂಬಿ ಹಾಕಿ ರವೆ ಉಂಡೆ ಕಟ್ಟಿ ಕಳಿಸಿದೆ. ಹೀಗೇ ಇನ್ನೂ ಮೂರ್ನಾಲ್ಕು ಸುತ್ತು ಡಬ್ಬಿ ಓಡಾಡಿದ ಮೇಲೆ ಬಂತು ನೋಡಿ ಆ ಕಡೆಯಿಂದ, ತುಪ್ಪ ಜಿನುಗುವ ಮೈಸೂರುಪಾಕು.

“ಬ್ಯಾಂಕ್ನೋರು ತಿಂಗ್ಳಿಗೊಂದ್ಸಲ ಕೇಳ್ತಾರೆ ಕಣೇ. ನಿಮ್ ಸರೋಜಮ್ಮ ವಾರಕ್ಕೆ ಎರಡ್ಸಲ ಕಂತು ಕೇಳ್ತಾರಲ್ಲೇ” ಎಂದರು ಯಜಮಾನರು, ಮೈಸೂರುಪಾಕು ಚಪ್ಪರಿಸುತ್ತ. ತಿನ್ನಲು ಇವರು, ತೀರಿಸಲು ನಾನು.

ಮೈಸೂರುಪಾಕಿಗೆ ಸಮವಾದದ್ದು ಏನು ಮಾಡಲಿ ಎಂದು ಯೋಚಿಸಿ ಕೊಬ್ಬರಿ ಮಿಠಾಯಿಗೆ ಕೈ ಹಾಕಿದೆ. ಪಾಕ ಒಂದು ಕ್ಷಣ ಹೆಚ್ಚಾಯಿತು. ತಟ್ಟೆಯಲ್ಲಿ ಕೂತದ್ದು ಮಿಠಾಯಿಯಲ್ಲ, ಚಪ್ಪಡಿ. ಚಾಕು ಇಳಿಯಲಿಲ್ಲ. ಯಜಮಾನರು ಅದನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ, “ಇದನ್ನ ವರ್ಕ್‌ಶಾಪ್‌ಗೆ ತಗೊಂಡ್ಹೋಗ್ತೀನಿ, ಲೇತ್‌ಗೆ ಹಾಕಿ ಕಟ್ ಮಾಡ್ಕೊಂಡ್ ಬರ್ತೀನಿ” ಎಂದರು. ಅತ್ತೆ ಅದನ್ನು ಕುಟ್ಟಿ ಪುಡಿ ಮಾಡಿ, ಡಬ್ಬಕ್ಕೆ ತುಂಬಿ, ಆ ತಿಂಗಳೆಲ್ಲ ಪಾಯಸಕ್ಕೆ ಹಾಕಿದರು. ಏನೂ ಹಾಳಾಗಲಿಲ್ಲ, ನನ್ನ ಮರ್ಯಾದೆಯ ಹೊರತು. ಸರೋಜಮ್ಮನ ಡಬ್ಬಿ ಮಾತ್ರ ನಮ್ಮ ಅಡುಗೆಮನೆಯಲ್ಲೇ ಉಳಿಯಿತು. ಅದರ ಹೊಟ್ಟೆಯ ಮೇಲೆ ಅವರ ಹೆಸರು ಚುಕ್ಕಿ ಚುಕ್ಕಿಯಾಗಿ ಕೆತ್ತಿತ್ತು. ಯಾವ ಮೂಲೆಗೆ ತಿರುಗಿಸಿಟ್ಟರೂ ಒಗ್ಗರಣೆ ಹಾಕುವಾಗ ‘ಸರೋಜ’ ಎಂದು ಕಣ್ಣಿಗೆ ಬೀಳುತ್ತಿತ್ತು.

ಆಮೇಲೆ ನಾನು ತಲೆ ತಪ್ಪಿಸಿಕೊಂಡು ಓಡಾಡತೊಡಗಿದೆ. ಬಸ್ ಸ್ಟಾಪಿಗೆ ನೇರ ದಾರಿ ಬಿಟ್ಟು ಹಿಟ್ಟಿನ ಗಿರಣಿ ಸುತ್ತಿಕೊಂಡು ಹೋಗುತ್ತಿದ್ದೆ. ಸರೋಜಮ್ಮ ಬಾಲ್ಕನಿಯಿಂದ “ಮಿಸ್!” ಎಂದು ಕರೆದರೆ, ಬಾರದ ಫೋನನ್ನು ಕಿವಿಗಿಟ್ಟು “ಹಾ, ಹೇಳಿ ಮೇಡಂ” ಎನ್ನುತ್ತಿದ್ದೆ. ಒಂದು ಸಲ ಹಾಗೆ ಮಾತಾಡುತ್ತಿರುವಾಗಲೇ ಫೋನು ನಿಜವಾಗಿ ರಿಂಗಾಯಿತು. ಸರೋಜಮ್ಮ ಮುಖ ತಿರುಗಿಸಿಕೊಂಡರು. ಆ ಹೆಂಗಸು ಎಷ್ಟು ನೊಂದುಕೊಂಡಿರಬಹುದು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಂಕಟವಾಯಿತು.

ಇನ್ನು ತಡ ಮಾಡಬಾರದು, ಅರ್ಧ ಕೆಜಿ ತುಪ್ಪ, ಒಂದಿಷ್ಟು ಬಾದಾಮಿ ತಂದು ಈ ಬಾಕಿ ಮುಗಿಸಿಬಿಡೋಣ ಎಂದು ಶನಿವಾರ ಶಾಲೆಯಿಂದ ಬಂದವಳೇ ಬೀರು ತೆಗೆದೆ. ಪರ್ಸಿನಲ್ಲಿ ತಿಂಗಳ ಕೊನೆಯ ಚಿಲ್ಲರೆ. ಮದುವೆ ಸೀರೆಯ ಕೆಳಗೆ ಕೈ ಹಾಕಿದೆ.

“ಅಮ್ಮಾ, ಫೀಸಿನ ದುಡ್ಡು ಯಾಕ್ ತೆಗೀತಿದೀಯ?” ಬಾಗಿಲಲ್ಲಿ ಪಲ್ಲವಿ.

“ತುಪ್ಪಕ್ಕೆ” ಎಂದೆ.

ಅವಳು ಜಗಳವಾಡಿದ್ದರೆ ಬಾಯಿ ಮಾಡಿ ಗೆದ್ದುಬಿಡುತ್ತಿದ್ದೆ. ಅವಳೋ, “ಇರ್ಲಿ ಬಿಡಮ್ಮ, ಕಾಲೇಜಲ್ಲಿ ಇನ್ನೊಂದ್ ವಾರ ಟೈಮ್ ಕೇಳ್ತೀನಿ” ಎಂದಳು. ನನ್ನ ಮಗಳು ಕೌಂಟರಿನ ಮುಂದೆ ನಿಂತು ಗಡುವು ಕೇಳುವುದೇ? ನನ್ನ ರವೆ ಉಂಡೆಯ ಪ್ರತಿಷ್ಠೆಗೋಸ್ಕರವೇ? ಬೀರುವಿನ ಬಾಗಿಲು ದಡಾರನೆ ಮುಚ್ಚಿ, ಸೀದಾ ಅಡುಗೆಮನೆಗೆ ಹೋಗಿ ಡಬ್ಬಿ ಎತ್ತಿಕೊಂಡೆ.

“ಖಾಲೀನೇ ತಗೊಂಡ್ ಹೋಗ್ತೀಯೇನೇ?” ಎಂದು ಅತ್ತೆ ಗಾಬರಿಯಾದರು. “ನಾಲ್ಕ್ ಕಾಳು ಸಕ್ಕರೆ ಹಾಕ್ಕೊಂಡ್ ಹೋಗು. ನಮ್ ಕಾಲ್ದಲ್ಲಿ ಅಷ್ಟೇ ಹಾಕ್ತಿದ್ದಿದ್ದು. ಮಿಠಾಯಿ ಅಂಗಡಿ ಇಡು ಅಂತ ನಿಂಗೆ ಯಾರ್ ಹೇಳಿದ್ರು?”

ಇದನ್ನು ಅವರು ಹೋಳಿಗೆ ಬಂದ ದಿನವೇ ಹೇಳಬಹುದಿತ್ತು! ಅವರು ಸಕ್ಕರೆ ತರಲು ಏಳುವಷ್ಟರಲ್ಲಿ ನಾನು ರಸ್ತೆಗಿಳಿದಿದ್ದೆ. ಒಂದು ಗಳಿಗೆ ನಿಂತಿದ್ದರೂ ಧೈರ್ಯ ಉಡುಗಿಹೋಗುತ್ತಿತ್ತು.

ಸರೋಜಮ್ಮನೇ ಬಾಗಿಲು ತೆಗೆದರು. ನಿಂತಲ್ಲೇ ಹೇಳಿದೆ: “ಸರೋಜಮ್ಮನೋರೇ, ಮಗಳ ಫೀಸು ಕಟ್ಬೇಕು. ಸಾಲ ಮಾಡಲ್ಲ ಅಂದ್ಕೊಂಡಿದೀವಿ. ತುಪ್ಪ ಬಾದಾಮಿ ನಮ್ ಕೈಲಾಗಲ್ಲ. ಡಬ್ಬಿ ಖಾಲಿ ತಂದಿದೀನಿ, ಬೇಜಾರ್ ಮಾಡ್ಕೋಬೇಡಿ.”

ಅವರು ಡಬ್ಬಿ ತೆಗೆದುಕೊಂಡರು. ಮುಚ್ಚಳ ತೆಗೆದು ಒಳಗೆ ನೋಡಿದರು. ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತು, ಒಳಗೆ ತಿರುಗಿ ಕೂಗಿದರು:

“ರೀ! ಇವತ್ತು ನೀವು ವಾಕಿಂಗ್ ಹೋಗ್ಬೇಡಿ!”

ಅವರ ಯಜಮಾನರು ಕೈಯಲ್ಲಿ ಬಟ್ಟೆ ಚೀಲ ಹಿಡಿದುಕೊಂಡೇ ಬಂದರು. “ಖಾಲಿನಾ?” ಎಂದರು. “ಖಾಲಿ” ಎಂದರು ಸರೋಜಮ್ಮ. ಆ ಮನುಷ್ಯ ಚೀಲವನ್ನು ಮೊಳೆಗೆ ಸಿಕ್ಕಿಸಿ ನನಗೆ ಕೈ ಮುಗಿದರು. ಇಷ್ಟು ದಿನ ಸಂಜೆ ಅವರು ವಾಕಿಂಗ್ ಹೋಗುವುದನ್ನು ತೋರಿಸಿ, ನೋಡಿ ಕಲೀರಿ ಎಂದು ನಮ್ಮ ಯಜಮಾನರನ್ನು ಹಂಗಿಸುತ್ತಿದ್ದೆ. ಅವರು ಹೋಗುತ್ತಿದ್ದದ್ದು ಚಂದ್ರಾ ಲೇಔಟಿನ ಕಾಂಡಿಮೆಂಟ್ಸ್ ಅಂಗಡಿಗಂತೆ, ಕುರುಕಲು ಸಿಹಿ ತೂಕ ಮಾಡಿಸಿಕೊಂಡು ತರಲು.

“ನಂಗೆ ಮಣಿಕಟ್ಟು ನೋವು ಮಿಸ್, ಹಿಟ್ಟು ನಾದೋಕೂ ಆಗಲ್ಲ” ಎಂದರು ಸರೋಜಮ್ಮ. “ಆ ಹೋಳಿಗೆ ನನ್ ತಂಗಿ ಮಾಡಿದ್ದು. ನೀವು ಕೈಯಾರೆ ಮಾಡಿ ಮಾಡಿ ಕಳಿಸ್ತೀರ. ನಾನು ಅಂಗ್ಡೀದು ಅಂತ ಹೆಂಗ್ ಹೇಳ್ಲಿ? ಮೊನ್ನೆ ಕರ್ದಿದ್ದೂ ಅದಕ್ಕೇ, ಸಾಕು ಮಾಡೋಣ ಅಂತ. ನೀವು ನೋಡಿದ್ರೆ ಫೋನಲ್ಲೇ ಇರ್ತೀರ.”

“ಅಂಗಡಿಯೋನು ನನ್ ಕಂಡ್ರೆ ಎದ್ದು ನಿಲ್ತಿದ್ದಮ್ಮ” ಎಂದರು ಅವರ ಯಜಮಾನರು, ಸ್ವಲ್ಪ ವ್ಯಸನದಿಂದ.

ಅಂದರೆ ನಾನು ಇಷ್ಟು ದಿನ ಪೈಪೋಟಿ ನಡೆಸಿದ್ದು ನಾಲ್ಕು ಭಟ್ಟರು ಕೂತು ಕರಿಯುವ ಅಂಗಡಿಯ ಜೊತೆ! ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಸರೋಜಮ್ಮ ಕಾಫಿ ಕೊಟ್ಟರು. ಕಾಫಿ ಅವರದೇ ಕೈಯದು, ತೀರಾ ತೆಳ್ಳಗಿತ್ತು. ಅಷ್ಟು ರುಚಿಯಾದ ಕಾಫಿ ನಾನು ಎಲ್ಲೂ ಕುಡಿದಿಲ್ಲ. ಇನ್ನು ಮೇಲೆ ಬೇಕಾದಾಗ ಬೇಕಾದ್ದು ಕೇಳಿ ಇಸಿದುಕೊಳ್ಳುವುದು, ಪಾತ್ರೆ ಖಾಲಿಯಾಗಿಯೇ ವಾಪಸ್ ಕೊಡುವುದು, ಯಾರೂ ಏನೂ ಅಂದುಕೊಳ್ಳಬಾರದು ಎಂದು ಇಬ್ಬರೂ ಮಾತಾಡಿಕೊಂಡೆವು.

ಸೋಮವಾರ ಪಲ್ಲವಿ ಪೂರ್ತಿ ಫೀಸು ಕಟ್ಟಿದಳು. ಯಾರ ಹಂಗೂ ಇಲ್ಲದೆ, ಯಾವ ಗಡುವೂ ಕೇಳದೆ. ಆ ರಸೀತಿಯನ್ನು ಅತ್ತೆ ದೇವರ ಮುಂದಿಟ್ಟರು. ಅಂಥ ಗಂಡ, ಅಂಥ ಅತ್ತೆ, ಅಂಥ ಮಗಳು, ಅಂಥ ಎದುರುಮನೆಯವರು ಸಿಗಲು ನಾನು ಏನು ಪುಣ್ಯ ಮಾಡಿದ್ದೆನೋ ಎಂದು ನಿಜವಾಗಿಯೂ ಅನ್ನಿಸಿತು.

ಮಾರನೆಯ ದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಮೊದಲೇ ಸರೋಜಮ್ಮ ಬಂದು, “ಒಂಚೂರು ಹುಳಿ ಇದ್ರೆ ಕೊಡಿ ಮಿಸ್” ಎಂದರು, ಯಾವ ಸಂಕೋಚವೂ ಇಲ್ಲದೆ. ನುಗ್ಗೇಕಾಯಿ ಹುಳಿಯನ್ನು ನಮ್ಮದೇ ಡಬ್ಬಿಯಲ್ಲಿ ತುಂಬಿ ಕೊಟ್ಟೆ. ಎದೆ ತುಂಬಿ ಬಂತು. ಸಂಜೆ ಅವರು ಡಬ್ಬಿಯನ್ನು ಫಳಫಳ ತೊಳೆದು ತಂದುಕೊಟ್ಟು, ನಗುತ್ತ ಹೋದರು.

ಅವರು ಗೇಟು ದಾಟುವ ತನಕ ಕಾದು ಮುಚ್ಚಳ ತೆಗೆದೆ. ಒಳಗೆ ಏನೂ ಇರಲಿಲ್ಲ. ಬೆಳಕಿಗೆ ಹಿಡಿದು ಮತ್ತೊಂದು ಸಲ ನೋಡಿದೆ. ಆಮೇಲೆ ಅತ್ತೆಯ ಕಡೆ ತಿರುಗಿ ಹೇಳಿದೆ:

“ನೋಡಿದ್ರಾ ಅತ್ತೆ, ಎಂಥಾ ಜನ! ಕೊಟ್ಟ ಡಬ್ಬೀನ ಯಾರಾದ್ರೂ ಹಿಂಗೆ ಖಾಲಿ ತಂದ್ಕೊಡ್ತಾರಾ?”